ನೀರ್ ಸಾಬ್ ಹಂಚಿದ್ದು ಬರೀ ನೀರನ್ನಲ್ಲ

ಮಂತ್ರಿಗಳಿಗೆ ಜನ ಅಡ್ಡಹೆಸರು ಇಡುವುದು ಹೊಸದೇನಲ್ಲ. ಅವುಗಳಲ್ಲಿ ಹೆಚ್ಚಿನವು ಗೇಲಿಯ ಹೆಸರುಗಳು. ಮಂತ್ರಿಗಿರಿ ಹೋದ ಮರುದಿನವೇ ಆ ಹೆಸರೂ ಮರೆತುಹೋಗುತ್ತದೆ. ಆದರೆ ಒಂದು ಹೆಸರು ಮಾತ್ರ ಅದನ್ನು ಹೊತ್ತ ವ್ಯಕ್ತಿ ತೀರಿಕೊಂಡ ಮೇಲೂ ಕರ್ನಾಟಕದ ಹಳ್ಳಿಗಳಲ್ಲಿ ಉಳಿದುಕೊಂಡಿದೆ. ಅದು 'ನೀರ್ ಸಾಬ್'.

ಅಬ್ದುಲ್ ನಜೀರ್ ಸಾಬ್ ಅವರ ನಿಜವಾದ ಹೆಸರು ಗೊತ್ತಿಲ್ಲದ ಅಜ್ಜಿಯಂದಿರಿಗೂ ನೀರ್ ಸಾಬ್ ಗೊತ್ತು. ಊರಿನ ನಡುವೆ ಒಂದು ಕೈಪಂಪು, ಅದರ ಸುತ್ತ ಸಾಲಾಗಿಟ್ಟ ಬಿಂದಿಗೆಗಳು, ಹಿಡಿಕೆಗೆ ಜೋತುಬಿದ್ದು ಮೇಲೆ ಕೆಳಗೆ ಜೀಕುವ ಮಕ್ಕಳು - ಈ ಚಿತ್ರ 1980ರ ದಶಕದ್ದು. ಆ ದಶಕದಲ್ಲಿ ಬಾಲ್ಯ ಕಳೆದವರು ಈಗ ನಡುವಯಸ್ಸು ದಾಟಿದ್ದಾರೆ. ಈ ಲೇಖನ ಬರೆಯುತ್ತಿರುವ ನನ್ನ ತಲೆಮಾರಿನವರಿಗೆ ಆ ಹೆಸರು ಮೈಸೂರಿನ ಒಂದು ಸರ್ಕಾರಿ ಸಂಸ್ಥೆಯ ಫಲಕದ ಮೇಲಷ್ಟೇ ಕಾಣಸಿಗುತ್ತದೆ. ಪಂಚಾಯಿತಿ ಸದಸ್ಯರು, ಅಧಿಕಾರಿಗಳು ತರಬೇತಿಗೆಂದು ಹೋಗುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿಡಲಾಗಿದೆ.

ಕೊಳವೆ ಬಾವಿ ಕೊರೆಸಿದ ಮಂತ್ರಿಯ ಹೆಸರನ್ನು ಪಂಚಾಯಿತಿ ಪಾಠ ಹೇಳುವ ಸಂಸ್ಥೆಗೆ ಇಟ್ಟಿದ್ದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕರ್ನಾಟಕದ ರಾಜಕೀಯ ಇತಿಹಾಸದ ಒಂದು ಅಪರೂಪದ ಅಧ್ಯಾಯವೇ ತೆರೆದುಕೊಳ್ಳುತ್ತದೆ. ಮಂತ್ರಿಯೊಬ್ಬರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವಾಗಿಯೇ ಕೆಳಕ್ಕೆ ಇಳಿಸಿದ ಕಥೆ ಅದು.

ಗುಂಡ್ಲುಪೇಟೆಯಿಂದ ವಿಧಾನಸೌಧಕ್ಕೆ

ನಜೀರ್ ಸಾಬ್ ಗುಂಡ್ಲುಪೇಟೆಯವರು. ಮೈಸೂರಿನಿಂದ ಬಂಡೀಪುರದತ್ತ ಹೋಗುವ ದಾರಿಯಲ್ಲಿ ಸಿಗುವ ಈ ಊರು ಇಂದು ಚಾಮರಾಜನಗರ ಜಿಲ್ಲೆಯಲ್ಲಿದೆ. ಆಗ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಪಕ್ಕದಲ್ಲೇ ಕಾಡು, ಆಚೆಗೆ ವೈನಾಡು, ನೀಲಗಿರಿ. ಆದರೂ ತಾಲ್ಲೂಕಿನ ಬಯಲಿನ ಹಳ್ಳಿಗಳಿಗೆ ಮಳೆ ಕಡಿಮೆ. ಮೋಡಗಳು ಬೆಟ್ಟಕ್ಕೆ ಸುರಿದು ಬಯಲಿಗೆ ಮುಖ ತೋರಿಸಿ ಹೋಗುತ್ತವೆ. ನೀರಿಗಾಗಿ ಹೆಂಗಸರು ಮೈಲಿಗಟ್ಟಲೆ ನಡೆಯುವುದು ಇಂಥ ಸೀಮೆಯಲ್ಲಿ ಹುಟ್ಟಿದವರಿಗೆ ವರದಿ ಓದಿ ತಿಳಿಯಬೇಕಾದ ಸಂಗತಿಯಲ್ಲ.

ಕರ್ನಾಟಕದ ರಾಜಕಾರಣದ ಜಾತಿ ಲೆಕ್ಕಾಚಾರದಲ್ಲಿ ನಜೀರ್ ಸಾಬ್ ಅವರಿಗೆ ಅನುಕೂಲವಾದದ್ದು ಏನೂ ಇರಲಿಲ್ಲ. ಬೆನ್ನಿಗೆ ನಿಲ್ಲುವ ದೊಡ್ಡ ಜಾತಿಯಿಲ್ಲ. ಸಣ್ಣ ಊರಿನ ಮುಸ್ಲಿಂ ರಾಜಕಾರಣಿ ಎಂದರೆ ಅಲ್ಪಸಂಖ್ಯಾತರ ಖಾತೆಯೋ ವಕ್ಫ್ ಖಾತೆಯೋ ಸಿಕ್ಕೀತು ಎಂದು ಜನ ಅಂದುಕೊಳ್ಳುತ್ತಿದ್ದ ಕಾಲ ಅದು.

1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಸ್ವಂತ ಬಹುಮತವಿಲ್ಲದೆ ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ನಿಂತಿದ್ದ ಸರ್ಕಾರ. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬ್ ಅವರ ಪಾಲಿಗೆ ಬಂತು. ಕಂದಾಯ, ಲೋಕೋಪಯೋಗಿ, ನೀರಾವರಿ ಖಾತೆಗಳ ಮುಂದೆ ಆಗ ಇದು ಅಷ್ಟೇನೂ ಆಕರ್ಷಕ ಖಾತೆಯಲ್ಲ. ಅದನ್ನು ಆಕರ್ಷಕ ಮಾಡಿದವರೇ ಅವರು.

ಬರ ಮತ್ತು ಬೋರು

ಆ ಸರ್ಕಾರದ ಅವಧಿಯಲ್ಲಿ ಬರ ರಾಜ್ಯವನ್ನು ಮತ್ತೆ ಮತ್ತೆ ಕಾಡಿತು. ಕೆರೆ ಬತ್ತಿದವು, ತೆರೆದ ಬಾವಿಗಳ ತಳ ಕಂಡಿತು. 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆ ಕುಡಿಯುವ ನೀರಿನ ದಶಕ ಎಂದು ಸಾರಿತ್ತು. ದೇಶದಾದ್ಯಂತ 'ಸಮಸ್ಯಾತ್ಮಕ ಗ್ರಾಮ'ಗಳ ಪಟ್ಟಿ ತಯಾರಾಗಿತ್ತು. 1.6 ಕಿಲೋಮೀಟರ್ ಒಳಗೆ ನೀರಿಲ್ಲದ, ಅಥವಾ 15 ಮೀಟರಿಗಿಂತ ಆಳಕ್ಕೆ ಹಗ್ಗ ಬಿಡಬೇಕಾದ ಊರು ಸಮಸ್ಯಾತ್ಮಕ ಗ್ರಾಮ. 250 ಜನರಿಗೆ ಒಂದು ಕೈಪಂಪು ಎಂಬುದು ಗುರಿ.

ಗುರಿ, ಪಟ್ಟಿ ಎಲ್ಲ ರಾಜ್ಯಗಳಲ್ಲೂ ಇದ್ದವು. ನಜೀರ್ ಸಾಬ್ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಹಳ್ಳಿ ಹಳ್ಳಿಗೆ ರಿಗ್ ಲಾರಿಗಳು ಬಂದವು. ಕರ್ನಾಟಕದ ಬಹುಭಾಗ ಗಟ್ಟಿ ಕಲ್ಲಿನ ನೆಲ. ಇಲ್ಲಿ ನೀರು ಮರಳಿನಲ್ಲಿ ತುಂಬಿಕೊಂಡಿರುವುದಿಲ್ಲ, ಬಂಡೆಯ ಬಿರುಕುಗಳಲ್ಲಿ ಅಡಗಿರುತ್ತದೆ. ಹಾರೆ ಗುದ್ದಲಿಗೆ ದಕ್ಕದ ಆ ನೀರನ್ನು ಗಾಳಿಯ ಒತ್ತಡದಿಂದ ಬಂಡೆ ಕುಟ್ಟುತ್ತ ಇಳಿಯುವ ಯಂತ್ರ ಒಂದೆರಡು ದಿನದಲ್ಲಿ ಮೇಲಕ್ಕೆ ತರುತ್ತಿತ್ತು. ಬಿಳಿ ದೂಳು ಏಳುತ್ತ ಏಳುತ್ತ ಇದ್ದಕ್ಕಿದ್ದಂತೆ ಕೆಸರು ಚಿಮ್ಮಿದಾಗ ಊರಿಗೆ ಊರೇ ಕೇಕೆ ಹಾಕುತ್ತಿತ್ತು. ಪೂಜೆ, ತೆಂಗಿನಕಾಯಿ, ಮಂತ್ರಿಗೆ ಜೈಕಾರ. 'ನಜೀರ್ ಸಾಬ್' ಎಂಬುದು 'ನೀರ್ ಸಾಬ್' ಆಗಲು ಜನರ ನಾಲಗೆಗೆ ಹೆಚ್ಚು ದೂರ ಹೊರಳಬೇಕಾಗಲಿಲ್ಲ.

ಇದನ್ನು ಬರೀ ಅನುಕೂಲದ ಮಾತೆಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಹೈದರಾಬಾದ್ ಕರ್ನಾಟಕ ಎಂದು ಆಗ ಕರೆಯುತ್ತಿದ್ದ ಜಿಲ್ಲೆಗಳಲ್ಲಿ ಮೆಟ್ಟಿಲು ಬಾವಿಗಳೇ ಕುಡಿಯುವ ನೀರಿನ ಆಧಾರವಾಗಿದ್ದ ಊರುಗಳು ಬಹಳ. ಜನ ಮೊಣಕಾಲವರೆಗೆ ನೀರಿಗಿಳಿದು ಕೊಡ ತುಂಬಿಕೊಳ್ಳುತ್ತಿದ್ದರು. ನಾರುಹುಣ್ಣು ಹರಡುತ್ತಿದ್ದದ್ದು ಹೀಗೆಯೇ. ಕಾಲಿನ ಹುಣ್ಣಿನಿಂದ ಎರಡು ಮೂರು ಅಡಿ ಉದ್ದದ ಹುಳು ದಿನಕ್ಕಿಷ್ಟಿಷ್ಟೇ ಹೊರಬರುವ ಆ ಕಾಯಿಲೆಯನ್ನು ಹಿರಿಯರು ಇನ್ನೂ ನೆನಪಿಸಿಕೊಂಡು ಮುಖ ಕಿವುಚುತ್ತಾರೆ. ಹುಣ್ಣಿರುವ ಕಾಲು ನೀರಿಗೆ ಇಳಿಯದಂತೆ ಮಾಡಿದರೆ ಕಾಯಿಲೆಯ ಸರಪಣಿ ತುಂಡಾಗುತ್ತದೆ. ಮುಚ್ಚಿದ ಕೊಳವೆ ಬಾವಿ ಆ ಕೆಲಸ ಮಾಡಿತು. ದೇಶದ ಏಳು ರಾಜ್ಯಗಳಲ್ಲಿದ್ದ ನಾರುಹುಣ್ಣಿನಿಂದ ಭಾರತ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ರಲ್ಲಿ ಪ್ರಮಾಣಪತ್ರ ನೀಡಿತು. ಔಷಧವಾಗಲಿ ಲಸಿಕೆಯಾಗಲಿ ಇಲ್ಲದ ಕಾಯಿಲೆ ಅದು. ಸೋತದ್ದು ಶುದ್ಧ ನೀರಿಗೆ ಮತ್ತು ಮನೆ ಮನೆ ತಿರುಗಿದ ಆರೋಗ್ಯ ಕಾರ್ಯಕರ್ತರಿಗೆ.

ಇನ್ನೊಂದು ಸಂಗತಿಯೂ ಇದೆ. ಊರ ಬಾವಿ ಎಂಬುದು ಎಲ್ಲರ ಬಾವಿಯಾಗಿರಲಿಲ್ಲ. ದಲಿತ ಹೆಣ್ಣುಮಕ್ಕಳು ಬಾವಿಕಟ್ಟೆಯಿಂದ ದೂರ ನಿಂತು, ಯಾರಾದರೂ ಮೇಲಿನಿಂದ ಸುರಿಯಲೆಂದು ಕಾಯುವುದು ಕಾನೂನಿಗೆ ವಿರುದ್ಧವಾಗಿದ್ದರೂ ರೂಢಿಯಲ್ಲಿತ್ತು. ಕಾಲೋನಿಯಲ್ಲೇ ಒಂದು ಕೈಪಂಪು ಬಂದಾಗ ಆ ಕಾಯುವಿಕೆ ತಪ್ಪಿತು. ಅಸ್ಪೃಶ್ಯತೆ ಅದರಿಂದ ಹೋಗಲಿಲ್ಲ. ಊರಿಗೊಂದು ಪಂಪು, ಕೇರಿಗೊಂದು ಪಂಪು ಎಂಬಲ್ಲಿ ಅದು ಬೇರೆ ರೂಪದಲ್ಲಿ ಉಳಿಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಬಿಂದಿಗೆ ಹಿಡಿದು ಅಂಗಲಾಚುವ ಅವಮಾನ ಮುಗಿದದ್ದು ಸಣ್ಣ ಮಾತಲ್ಲ.

ಒಂದು ವಾಷರ್ ಕಲಿಸಿದ ಪಾಠ

ಆಗ ಹಳ್ಳಿಗಳಿಗೆ ಬಂದ ಪಂಪಿನ ಹೆಸರು ಇಂಡಿಯಾ ಮಾರ್ಕ್-2. ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ನಮ್ಮ ದೇಶದಲ್ಲೇ ರೂಪುಗೊಂಡ ಗಟ್ಟಿಮುಟ್ಟಾದ ಪಂಪು ಅದು. ದಿನವಿಡೀ ನೂರಾರು ಕೈಗಳು ಜಗ್ಗಿದರೂ ತಡೆದುಕೊಳ್ಳುತ್ತಿತ್ತು. ಆದರೆ ನೀರೆತ್ತುವ ಸಿಲಿಂಡರು ಇರುವುದು ನೆಲದಾಳದಲ್ಲಿ. ಅದರೊಳಗಿನ ಚರ್ಮದ ವಾಷರ್ ಸವೆದರೆ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆತ್ತಬೇಕು. ಅದಕ್ಕೆ ವಿಶೇಷ ಸಲಕರಣೆ ಬೇಕು, ವಾಹನ ಬೇಕು, ನುರಿತ ಜನ ಬೇಕು.

ಕೆಲವೇ ರೂಪಾಯಿಯ ವಾಷರ್ ಹೋದರೆ ಸಾವಿರಾರು ರೂಪಾಯಿಯ ಬೋರು ನಿಂತುಹೋಗುತ್ತದೆ. ದೂರು ಬರೆಯಬೇಕು. ಅದು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗಬೇಕು. ಹಣ ಮಂಜೂರಾತಿಗೆ ಕಡತ ಬೆಂಗಳೂರಿನ ಕಡೆ ಮುಖ ಮಾಡಬೇಕು. ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಬೋರು ಕೊರೆಸುವುದು ವಿಧಾನಸೌಧದಿಂದ ಆಗುವ ಕೆಲಸ. ಅದನ್ನು ನಡೆಸುವುದು ವಿಧಾನಸೌಧದಿಂದ ಆಗದ ಕೆಲಸ. ಇದು ನೀರಿಗೆ ಮಾತ್ರವಲ್ಲ, ಬಾರದ ಮೇಷ್ಟರಿಗೂ, ಬೀಗ ಹಾಕಿದ ಆರೋಗ್ಯ ಕೇಂದ್ರಕ್ಕೂ ಅನ್ವಯಿಸುವ ಮಾತು.

ನಜೀರ್ ಸಾಬ್ ಅವರ ಎರಡು ಕೆಲಸಗಳು, ಅಂದರೆ ನೀರು ಮತ್ತು ಪಂಚಾಯಿತಿ, ಬೇರೆ ಬೇರೆಯಲ್ಲ ಎನ್ನಿಸುವುದು ಇಲ್ಲಿ.

ಜಿಲ್ಲೆಗೊಂದು ಸರ್ಕಾರ

ಪಂಚಾಯಿತಿಗಳು ಕರ್ನಾಟಕಕ್ಕೆ ಹೊಸವಾಗಿರಲಿಲ್ಲ. 1959ರ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗಳಿದ್ದವು, ಮೇಲೆ ತಾಲ್ಲೂಕು ಬೋರ್ಡ್‌ಗಳಿದ್ದವು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜನ ಆರಿಸಿದ ಸಂಸ್ಥೆಯಿರಲಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಮಂಡಳಿ ಸಲಹೆ ಕೊಡುತ್ತಿತ್ತು, ಅಷ್ಟೆ. ಗ್ರಾಮ ಪಂಚಾಯಿತಿಗೆ ಬೀದಿದೀಪ, ಚರಂಡಿಗಿಂತ ಆಚೆಗೆ ಹೆಚ್ಚೇನೂ ಅಧಿಕಾರವಿರಲಿಲ್ಲ, ಹಣವಂತೂ ಇರಲೇ ಇಲ್ಲ.

1978ರಲ್ಲಿ ಅಶೋಕ ಮೆಹ್ತಾ ಸಮಿತಿ ಕೇಂದ್ರಕ್ಕೆ ವರದಿ ಕೊಟ್ಟಿತ್ತು. ಜಿಲ್ಲೆಗೆ ಒಂದು ಪರಿಷತ್ತು, ಕೆಲವು ಹಳ್ಳಿಗಳ ಗುಂಪಿಗೆ ಒಂದು ಮಂಡಲ ಪಂಚಾಯಿತಿ, ಎರಡಕ್ಕೂ ನೇರ ಚುನಾವಣೆ - ಇದು ಅದರ ಸಾರ. ವರದಿ ಬರುವ ಹೊತ್ತಿಗೆ ಅದನ್ನು ಬೇಕೆಂದ ಜನತಾ ಸರ್ಕಾರ ದೆಹಲಿಯಲ್ಲಿ ಅಲುಗಾಡತೊಡಗಿತ್ತು. ವರದಿ ಕಪಾಟು ಸೇರಿತು. ಕರ್ನಾಟಕ ಅದರ ದೂಳು ಕೊಡವಿತು.

1983ರಲ್ಲಿ ಹೊಸ ಮಸೂದೆ ಸಿದ್ಧವಾಯಿತು. ವಿಧಾನಮಂಡಲದ ಒಪ್ಪಿಗೆ ದೊರೆತರೂ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. ನಡುವೆ 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ಬರೀ 4 ಸ್ಥಾನ ಸಿಕ್ಕಿತು. ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ 139 ಸ್ಥಾನ ಗೆದ್ದು ಹಿಂತಿರುಗಿದರು. ಗಟ್ಟಿ ಬಹುಮತದ ಸರ್ಕಾರ ಅಧಿಕಾರವನ್ನು ಹಂಚಿಕೊಳ್ಳುವ ಅಗತ್ಯವೇನು ಎಂದು ಕೇಳುವವರು ಪಕ್ಷದೊಳಗೇ ಇದ್ದಿರಬಹುದು. ಕಾಯ್ದೆ ಮಾತ್ರ ಹಿಂದೆ ಸರಿಯಲಿಲ್ಲ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು, 19 ಜಿಲ್ಲಾ ಪರಿಷತ್ತುಗಳು. ಬಯಲು ಸೀಮೆಯಲ್ಲಿ 8 ಸಾವಿರದಿಂದ 12 ಸಾವಿರ ಜನಸಂಖ್ಯೆಗೆ ಒಂದು ಮಂಡಲ, ಪ್ರತಿ 400 ಜನರಿಗೆ ಒಬ್ಬ ಸದಸ್ಯ. ಮಂಡಲಗಳಲ್ಲೇ ಸುಮಾರು 55 ಸಾವಿರ ಸದಸ್ಯರು ಆಯ್ಕೆಯಾದರು. ಕಾಲು ಭಾಗದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಲ್ಲಿಯವರೆಗೆ ಪಂಚಾಯಿತಿಯಲ್ಲಿ ಹೆಸರಿಗೆ ಒಬ್ಬಿಬ್ಬರು ಹೆಂಗಸರಿರುತ್ತಿದ್ದ ನಾಡಿನಲ್ಲಿ ಒಂದೇ ಏಟಿಗೆ ಸಾವಿರಾರು ಮಹಿಳೆಯರು ಚುನಾಯಿತರಾಗಿ ಕುರ್ಚಿಯ ಮೇಲೆ ಕುಳಿತರು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಮೀಸಲಾತಿ ಇತ್ತು. ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು ಇಡೀ ದೇಶ ಈ ದಾರಿ ಹಿಡಿಯಲು ಆಗಿನ್ನೂ ಆರು ವರ್ಷ ಬಾಕಿಯಿತ್ತು.

ನಿಜವಾದ ಕ್ರಾಂತಿ ಕಂಡದ್ದು ಜಿಲ್ಲೆಯ ಕಚೇರಿಯಲ್ಲಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ ಬಂದರು. ಅವರು ಕೆಲಸ ಮಾಡಬೇಕಾದದ್ದು ಚುನಾಯಿತ ಅಧ್ಯಕ್ಷರ ಕೈಕೆಳಗೆ. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಂತಿದ್ದ ಡಿ.ಸಿ. ಸಾಹೇಬರ ಎದುರು ಹಳ್ಳಿಯಿಂದ ಬಂದ ಪಂಚೆಯ ರಾಜಕಾರಣಿ ಸಮನಾಗಿ ಕುಳಿತ. ಶಾಲೆ, ಆಸ್ಪತ್ರೆ, ಕೃಷಿ, ಪಶುಸಂಗೋಪನೆ, ಸಣ್ಣ ರಸ್ತೆ, ಕುಡಿಯುವ ನೀರು ಎಲ್ಲವೂ ಸಿಬ್ಬಂದಿ ಮತ್ತು ಹಣದ ಸಮೇತ ಪರಿಷತ್ತಿಗೆ ಬಂದವು. 1987ರ ಏಪ್ರಿಲ್‌ನಲ್ಲಿ ಹೊಸ ಆಡಳಿತ ಶುರುವಾದಾಗ ಜನ ಅದನ್ನು 'ಜಿಲ್ಲಾ ಸರ್ಕಾರ' ಎಂದು ಕರೆದದ್ದು ಸುಮ್ಮನೆ ಅಲ್ಲ.

ಇಲ್ಲೊಂದು ಮಾತು ಗಮನಿಸಬೇಕು. ಹೀಗೆ ಕೆಳಗಿಳಿದ ಅಧಿಕಾರ ಯಾರದು? ಸಂಪುಟದ ಇತರ ಸಚಿವರದು, ಶಾಸಕರದು, ಕೊನೆಗೆ ಸ್ವತಃ ನಜೀರ್ ಸಾಬ್ ಅವರದೂ ಹೌದು. ಅವರಿಗೆ ಹೆಸರು ತಂದುಕೊಟ್ಟ ಕುಡಿಯುವ ನೀರಿನ ಕೆಲಸವೇ ಜಿಲ್ಲಾ ಪರಿಷತ್ತಿಗೆ ಹೋಯಿತು. ಬೋರು ಎಲ್ಲಿ ಕೊರೆಯಬೇಕೆಂದು ಹೇಳುವ ಅಧಿಕಾರ ಮಂತ್ರಿಗೆ ಮತ ತರುವ ಅಧಿಕಾರ. ಅದನ್ನು ಬಿಟ್ಟುಕೊಡುವ ಮಂತ್ರಿ ಆಗಲೂ ಅಪರೂಪ, ಈಗಲೂ ಅಪರೂಪ. ಪಕ್ಷದ ಚಿಹ್ನೆಯ ಮೇಲೆ ನಡೆದ ಆ ಚುನಾವಣೆಯಲ್ಲಿ ಕೆಲವು ಪರಿಷತ್ತುಗಳು ವಿರೋಧಿ ಕಾಂಗ್ರೆಸ್ಸಿನ ಕೈಗೆ ಹೋದವು. ಹಣ, ಸಿಬ್ಬಂದಿ ಅವಕ್ಕೂ ಹೋಯಿತು.

ಮೆಚ್ಚುಗೆ ಮತ್ತು ಕೊರತೆ

ಈ ವ್ಯವಸ್ಥೆ ಹೇಗೆ ನಡೆಯಿತು? 1989ರಲ್ಲಿ ರಿಸರ್ವ್ ಬ್ಯಾಂಕಿನ ಮಾಜಿ ಡೆಪ್ಯುಟಿ ಗವರ್ನರ್ ಕೆ.ಎಸ್. ಕೃಷ್ಣಸ್ವಾಮಿ ನೇತೃತ್ವದ ಸಮಿತಿ ಇದನ್ನು ಪರಿಶೀಲಿಸಿತು. ಆಮೇಲೆ ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮೇನರ್ ಎಂಬ ವಿದ್ವಾಂಸರು ಕರ್ನಾಟಕವನ್ನು ಬಾಂಗ್ಲಾದೇಶ ಮತ್ತು ಆಫ್ರಿಕಾದ ಎರಡು ದೇಶಗಳ ಜತೆ ಹೋಲಿಸಿ 1998ರಲ್ಲಿ ಪುಸ್ತಕ ಬರೆದರು. ಇಬ್ಬರೂ ಕಂಡ ಮುಖ್ಯ ಸಂಗತಿ ಸರಳವಾದದ್ದು. ಮೇಷ್ಟರು ಶಾಲೆಗೆ ಬರತೊಡಗಿದರು, ವೈದ್ಯರು ಆರೋಗ್ಯ ಕೇಂದ್ರದಲ್ಲಿ ಸಿಗತೊಡಗಿದರು. ಬಾರದಿದ್ದರೆ ಕೇಳುವವನು ಅದೇ ಊರಿನಲ್ಲಿದ್ದ. ಲಂಚದ ವಿಷಯದಲ್ಲಿ ಆ ವಿದ್ವಾಂಸರ ಮಾತು ಕುತೂಹಲಕರ. ಕೈ ಒಡ್ಡುವವರ ಸಂಖ್ಯೆ ಹೆಚ್ಚಿತು, ಆದರೆ ಸೋರಿಹೋಗುವ ಒಟ್ಟು ಹಣ ಕಡಿಮೆಯಾಯಿತು. ಎಲ್ಲರ ಕಣ್ಣೆದುರು ಹೆಚ್ಚು ನುಂಗುವುದು ಕಷ್ಟ.

ಕೊರತೆಗಳೂ ಇದ್ದವು. ಹಣ, ಅಧಿಕಾರ ಎರಡೂ ಜಿಲ್ಲೆಯ ಮಟ್ಟದಲ್ಲಿ ದಪ್ಪಗೆ ನಿಂತು ಮಂಡಲಕ್ಕೆ ತೆಳ್ಳಗೆ ಹರಿದವು. ತಾಲ್ಲೂಕು ಪಂಚಾಯಿತಿ ಸಮಿತಿಗೆ ಶಾಸಕರೇ ಅಧ್ಯಕ್ಷರು, ಆದರೆ ಸಮಿತಿಗೆ ಕೆಲಸವೇ ಇಲ್ಲ. ಹೀಗಾಗಿ ಶಾಸಕರ ಮುನಿಸು ಮೊದಲ ದಿನದಿಂದಲೇ ಬೆಳೆಯಿತು. ವರ್ಷಕ್ಕೆರಡು ಸಲ ಸೇರಬೇಕಿದ್ದ ಗ್ರಾಮಸಭೆಗಳಲ್ಲಿ ಜನ ಲೆಕ್ಕ ಕೇಳತೊಡಗಿದಾಗ ಅನೇಕ ಪ್ರಧಾನರು ಸಭೆ ಕರೆಯುವುದನ್ನೇ ಮರೆತರು. ಜಮೀನುಳ್ಳ ಜಾತಿಗಳ ಹಿಡಿತ ಸಡಿಲಾದದ್ದು ಕಡಿಮೆ. ಮಹಿಳಾ ಸದಸ್ಯೆಯರ ಬದಲು ಗಂಡಂದಿರು ಸಭೆಗೆ ಬರುವ ರೋಗ ಆಗಲೇ ಅಂಟಿಕೊಂಡಿತು.

ಇದನ್ನೆಲ್ಲ ತಿದ್ದಲು ನಜೀರ್ ಸಾಬ್ ಅವರಿಗೆ ಕಾಲ ಸಿಗಲಿಲ್ಲ. 1988ರ ಆಗಸ್ಟ್‌ನಲ್ಲಿ ಹೆಗಡೆ ಅಧಿಕಾರ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಬಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಜೀರ್ ಸಾಬ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಕಟ್ಟಿದ ವ್ಯವಸ್ಥೆಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಬಾವಿ ಬತ್ತಿದ ಮೇಲೆ

ಅವರ ಎರಡೂ ಕೊಡುಗೆಗಳಿಗೆ ಮುಂದೆ ಏನಾಯಿತು ಎಂಬುದನ್ನು ಹೇಳದೆ ಈ ಕಥೆ ಮುಗಿಯುವುದಿಲ್ಲ.

1992ರಲ್ಲಿ ಮೊದಲ ಪರಿಷತ್ತುಗಳ ಅವಧಿ ಮುಗಿದಾಗ ಅಂದಿನ ಸರ್ಕಾರ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿತು. ವಿಚಿತ್ರವೆಂದರೆ ಅದೇ ಹೊತ್ತಿಗೆ ದೆಹಲಿಯಲ್ಲಿ ಪಂಚಾಯಿತಿಗಳಿಗೆ ಸಂವಿಧಾನದ ರಕ್ಷಣೆ ಕೊಡುವ ತಿದ್ದುಪಡಿ ರೂಪುಗೊಳ್ಳುತ್ತಿತ್ತು. ರಾಜೀವ್ ಗಾಂಧಿ ಅವರ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದಿತ್ತು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಕರ್ನಾಟಕ ಅದೇ ವರ್ಷ ಹೊಸ ಕಾಯ್ದೆ ಮಾಡಿತು. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ಮಹಿಳೆಯರ ಪಾಲು ಮೂರನೇ ಒಂದಕ್ಕೆ, ಮುಂದೆ ಅರ್ಧಕ್ಕೆ ಏರಿತು. ಆದರೆ ಜಿಲ್ಲೆಯ ಅಧ್ಯಕ್ಷಗಿರಿಗೆ ಹಿಂದಿನ ತೂಕ ಮತ್ತೆ ಬರಲಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ಚುನಾವಣೆಯಿಲ್ಲದೆ ವರ್ಷಗಳನ್ನೇ ಕಳೆದವು. ಬೀದಿಯಲ್ಲಿ ಅದಕ್ಕಾಗಿ ದೊಡ್ಡ ಕೂಗು ಏಳಲಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ.

ಕೊಳವೆ ಬಾವಿಯ ಕಥೆಯೂ ಹೀಗೆಯೇ. ಕುಡಿಯಲೆಂದು ಬಂದ ರಿಗ್ ತೋಟಕ್ಕೂ ಹೋಯಿತು. ನೂರೈವತ್ತು ಇನ್ನೂರು ಅಡಿಗೆ ಸಿಗುತ್ತಿದ್ದ ನೀರನ್ನು ಸಾವಿರ ಅಡಿಯಲ್ಲಿ ಹುಡುಕುವ ಸ್ಥಿತಿ ಕೋಲಾರದಂಥ ಕಡೆ ಬಂತು. ಆಳಕ್ಕೆ ಹೋದಂತೆ ಫ್ಲೋರೈಡ್ ಕಾಟ ಜತೆಯಾಯಿತು. ಕುಡಿಯುವ ನೀರಿನ ಬೋರಿನ 500 ಮೀಟರ್ ಸುತ್ತ ಬೇರೆ ಬಾವಿ ತೋಡಲು ಅನುಮತಿ ಬೇಕೆಂಬ 1999ರ ಹೆಸರಿನ ಕಾನೂನು ಇದೆ. ಪಾಲಿಸಿದವರನ್ನು ಹುಡುಕಬೇಕು. ಕೆರೆಗಳನ್ನು ಮರೆಸಿದ್ದು ಬೋರು ಎಂದು ಇಂದು ಪರಿಸರವಾದಿಗಳು ಹೇಳುವಾಗ ನೀರ್ ಸಾಬ್ ಹೆಸರೂ ಆ ಮಾತಿನ ಅಂಚಿಗೆ ಬರುತ್ತದೆ. ಆದರೆ 250 ಜನರಿಗೊಂದು ಕೈಪಂಪು ನೆಲವನ್ನು ಬರಿದು ಮಾಡಲಾರದು. ಮನುಷ್ಯನ ತೋಳು ಎತ್ತುವಷ್ಟೇ ನೀರು ಅದರಲ್ಲಿ ಬರುವುದು. ಬರಿದು ಮಾಡಿದ್ದು ಲೆಕ್ಕವಿಲ್ಲದೆ ಓಡಿದ ಮೋಟಾರು, ಮತ್ತು ಅದಕ್ಕೆ ಲೆಕ್ಕ ಕೇಳಲು ಯಾರಿಗೂ ಅಧಿಕಾರ ಇಲ್ಲದಿದ್ದದ್ದು.

ಅಂಥ ಲೆಕ್ಕ ಕೇಳುವ ಅಧಿಕಾರವನ್ನು ಊರಿಗೇ ಕೊಡಬೇಕೆಂಬುದು ನಜೀರ್ ಸಾಬ್ ಅವರ ಎರಡನೇ ಕೆಲಸದ ತಿರುಳು. ಅವರ ಮೊದಲ ಕೆಲಸವನ್ನು ನಾವು ಬೇಡದಷ್ಟು ಮುಂದುವರಿಸಿದೆವು, ಎರಡನೆಯದನ್ನು ಅರ್ಧಕ್ಕೇ ಬಿಟ್ಟೆವು.

ಈಗ ಮನೆ ಮನೆಗೆ ನಲ್ಲಿ ಬರುತ್ತಿದೆ. ಊರ ನಡುವಿನ ಕೈಪಂಪುಗಳು ಬಹಳ ಕಡೆ ತುಕ್ಕು ಹಿಡಿದು ನಿಂತಿವೆ. ಕೆಲವಕ್ಕೆ ಹಿಡಿಕೆಯಿಲ್ಲ, ಕೆಲವಕ್ಕೆ ದನ ಕಟ್ಟಿದ್ದಾರೆ. ನಲ್ಲಿಯಲ್ಲಿ ವಾರಗಟ್ಟಲೆ ನೀರು ಬಾರದ ದಿನ ಹಳ್ಳಿಯ ಹೆಂಗಸರು ಕೊಡ ಹಿಡಿದು ಯಾರ ಬಾಗಿಲಿಗೆ ಹೋಗಿ ಕೇಳಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ. ಆ ಬಾಗಿಲು ಊರಿನಲ್ಲೇ ಇರಬೇಕು ಎಂದು ನಂಬಿದ ಒಬ್ಬ ಮಂತ್ರಿ ನಮ್ಮಲ್ಲಿದ್ದರು.